ಹರಿಗೋಲು ಮತ್ತು ಹಿಮಸಾಗರ

(ಉಪನ್ಯಾಸವೊಂದರ ಬರಹ ರೂಪ)



ಬಳ್ಳಾರಿಗೆ ಇರುವುದು ಎರಡೇ ಕಾಲ. ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು ಊರಿನವರೇ ನಗೆಯಾಡುವುದುಂಟು. ಇಂಥ ಊರಿನಲ್ಲಿ ಕುಳಿತು, ಉತ್ತರಧ್ರುವದ ಸುತ್ತಲಿನ ಹಿಮಸಾಗರದಲ್ಲಿ ಜನ ಹೇಗೆ ಪ್ರಯಾಣ ಮಾಡುತ್ತಾರೆ ಎಂಬ ಮಾತು ಕೇಳುವುದು ಕೊಂಚ ವಿಚಿತ್ರವೇ ಸರಿ. ಬಳ್ಳಾರಿ ಇರುವುದು ಸಮಭಾಜಕ ವೃತ್ತದಿಂದ ಉತ್ತರಕ್ಕೆ 15 ಡಿಗ್ರಿಯಲ್ಲಿ. ಆರ್ಕ್ಟಿಕ್ ವೃತ್ತ ಇರುವುದು ಅರವತ್ತಾರೂವರೆ ಡಿಗ್ರಿಯಲ್ಲಿ. ಅದರಾಚೆಗೆ ಬೇಸಿಗೆಯ ನಡುರಾತ್ರಿಯಲ್ಲೂ ಸೂರ್ಯ ಮುಳುಗದ ದಿನಗಳುಂಟು. ಚಳಿಗಾಲ ಬಂತೆಂದರೆ ಸಮುದ್ರವೇ ಹೆಪ್ಪುಗಟ್ಟಿ ನೆಲದಂತಾಗುತ್ತದೆ.

ಆದರೂ ಈ ಎರಡು ಲೋಕಗಳಿಗೆ ಸಾಮಾನ್ಯವಾದ ಒಂದು ವಸ್ತು ಸಿರುಗುಪ್ಪ, ಕಂಪ್ಲಿ ಕಡೆಯ ಹೊಳೆದಂಡೆಯ ಹಳಬರಿಗೆಲ್ಲ ಗೊತ್ತು. ಅದು ಹರಿಗೋಲು. ಹಗುರವಾದ ಚೌಕಟ್ಟು ಕಟ್ಟಿ, ಅದಕ್ಕೆ ಚರ್ಮ ಹೊದಿಸಿ, ನೀರಿಗಿಳಿಸುವ ಉಪಾಯವನ್ನು ತುಂಗಭದ್ರೆಯ ಅಂಬಿಗರು ಕಂಡುಕೊಂಡಿದ್ದರು. ಹಿಮಸಾಗರದ ದಂಡೆಯ ಇನುಯಿಟ್ ಜನರೂ ಕಂಡುಕೊಂಡಿದ್ದರು. ಇವರು ಅವರನ್ನು ಕಂಡವರಲ್ಲ, ಅವರು ಇವರ ಹೆಸರು ಕೇಳಿದವರಲ್ಲ. ಕಷ್ಟದ ನೀರು ಇಬ್ಬರಿಗೂ ಒಂದೇ ಪಾಠ ಕಲಿಸಿತು ಎನ್ನಬಹುದು. ಆ ಪಾಠ ಯಾವುದು, ಇಂದು ಅದರ ಗತಿ ಏನಾಗಿದೆ ಎಂಬುದೇ ಈ ಮಾತಿನ ವಿಷಯ.

ಮೊದಲು ಹಿಮಸಾಗರದ ಪ್ರವಾಸಿ ಹಡಗನ್ನೇ ನೋಡೋಣ. ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳು, ಗ್ರೀನ್‌ಲ್ಯಾಂಡಿನ ಕರಾವಳಿ, ಕೆನಡಾದ ಉತ್ತರದ ದ್ವೀಪಸಮೂಹ, ಇವು ಇಂಥ ಹಡಗುಗಳು ಹೋಗುವ ಮುಖ್ಯ ಜಾಗಗಳು. ಪ್ರಯಾಣಿಕರು ಸಾಮಾನ್ಯವಾಗಿ ನೂರರಿಂದ ಇನ್ನೂರು. ಟಿಕೆಟ್ಟಿನ ಬೆಲೆ ಲಕ್ಷಗಟ್ಟಲೆ ರೂಪಾಯಿ. ಹಿಮದ ಹೊಡೆತ ತಡೆಯಲೆಂದು ಹಡಗಿನ ಉಕ್ಕಿನ ಮೈಯನ್ನು ಗಟ್ಟಿಗೊಳಿಸಿರುತ್ತಾರೆ. ಒಳಗೆ ಬೆಚ್ಚನೆಯ ಕೋಣೆ, ಊಟದ ಮನೆ, ಉಪನ್ಯಾಸದ ಸಭಾಂಗಣ ಎಲ್ಲವೂ ಉಂಟು. ಆದರೆ ಒಂದು ವಿಷಯವನ್ನು ಪ್ರಯಾಣಿಕರಿಗೆ ಮೊದಲ ದಿನವೇ ತಿಳಿಸಿಬಿಡುತ್ತಾರೆ. ಅಚ್ಚು ಹಾಕಿದ ಕಾರ್ಯಕ್ರಮ ಪಟ್ಟಿಯನ್ನು ನಂಬಬೇಡಿ. ನಾಳೆ ಎಲ್ಲಿಗೆ ಹೋಗುವುದೆಂಬುದನ್ನು ತೀರ್ಮಾನಿಸುವುದು ಹಿಮ, ಗಾಳಿ ಮತ್ತು ಮಂಜು.

ಇನ್ನೊಂದು ಸಂಗತಿ ಇನ್ನೂ ಸ್ವಾರಸ್ಯದ್ದು. ಇಷ್ಟು ದೊಡ್ಡ ಹಡಗು ದಡಕ್ಕೆ ಹೋಗಲಾರದು. ಅಲ್ಲಿ ಬಂದರುಗಳಿಲ್ಲ, ನೀರಿನ ಆಳ ಎಲ್ಲ ಕಡೆಯೂ ಗೊತ್ತಿಲ್ಲ. ಹಾಗಾಗಿ ಹಡಗು ದೂರದಲ್ಲೇ ನಿಲ್ಲುತ್ತದೆ. ಗಾಳಿ ತುಂಬಿದ ರಬ್ಬರ್ ದೋಣಿಗಳನ್ನು ಕೆಳಗಿಳಿಸುತ್ತಾರೆ. ಜೋಡಿಯಾಕ್ ಎಂದು ಕರೆಯುವ ಈ ದೋಣಿಯಲ್ಲಿ ಹತ್ತರಷ್ಟು ಜನ ಅಂಚಿನ ಮೇಲೆ ಕುಳಿತು ದಡ ಸೇರಬೇಕು. ಹಿಮಕರಡಿಗಳಿರುವ ಕಡೆ, ಬಂದೂಕು ಹಿಡಿದ ಕಾವಲಿನವರು ಮುಂಚೆಯೇ ಇಳಿದು ಸುತ್ತಮುತ್ತ ಕರಡಿಯಿಲ್ಲವೆಂದು ಖಚಿತಪಡಿಸಿದ ಮೇಲೆಯೇ ಉಳಿದವರ ಸರದಿ. ದಾರಿಯಲ್ಲಿ ತೇಲುವ ಹಿಮಗಡ್ಡೆಗಳ ತೀರ ಹತ್ತಿರಕ್ಕೆ ಹೋಗುವಂತಿಲ್ಲ. ಗಡ್ಡೆಯ ಬಹುಪಾಲು ನೀರಿನೊಳಗೇ ಇರುತ್ತದೆ. ಕರಗುತ್ತ ಕರಗುತ್ತ ತೂಕ ತಪ್ಪಿ ಅದು ಒಮ್ಮೆಲೇ ಮಗುಚಿಕೊಳ್ಳಬಹುದು. ಆ ನೀರಿಗೆ ಬಿದ್ದವನ ಕೈಕಾಲು ಕೆಲವೇ ನಿಮಿಷಗಳಲ್ಲಿ ಶಕ್ತಿ ಕಳೆದುಕೊಳ್ಳುತ್ತವೆ.

ಅಂದರೆ ಕೋಟ್ಯಂತರ ರೂಪಾಯಿಯ ಹಡಗು ಹತ್ತಿ ಹೋದವನೂ ಕೊನೆಯ ಒಂದು ಮೈಲಿ ದಾಟಬೇಕಾದರೆ ಪುಟ್ಟ ದೋಣಿಯನ್ನೂ ಆ ನೀರನ್ನು ಬಲ್ಲ ಒಬ್ಬ ಅಂಬಿಗನನ್ನೂ ನಂಬಲೇಬೇಕು. ಈಗ ತುಂಗಭದ್ರೆಯ ಕಡೆ ತಿರುಗೋಣ.

ವಿಜಯನಗರಕ್ಕೆ ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಡೊಮಿಂಗೊ ಪಾಯೆಸ್ ಎಂಬ ಪೋರ್ಚುಗೀಸ್ ಪ್ರವಾಸಿ ಬಂದಿದ್ದ. ಆತ ಸಮುದ್ರ ದಾಟಿ ಬಂದವನು, ದೊಡ್ಡ ಹಡಗುಗಳನ್ನು ಕಂಡವನು. ಆದರೂ ಆನೆಗೊಂದಿಗೆ ಹೋಗುವವರು ಹೊಳೆ ದಾಟುವ ರೀತಿ ಅವನ ಕಣ್ಣು ಸೆಳೆಯಿತು. ದೋಣಿಗಳು ಬುಟ್ಟಿಯಂತೆ ದುಂಡಗಿವೆ, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ, ಒಂದೊಂದರಲ್ಲಿ ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ಅಗತ್ಯಬಿದ್ದರೆ ಕುದುರೆ ಎತ್ತುಗಳನ್ನೂ ಸಾಗಿಸುತ್ತಾರೆ, ಮತ್ತು ದೋಣಿ ನೆಟ್ಟಗೆ ಹೋಗದೆ ಸದಾ ತಿರುಗುತ್ತಲೇ ಇರುತ್ತದೆ ಎಂದು ಆತ ಬರೆದಿಟ್ಟ. ರಾಜ್ಯದ ಹೊಳೆಗಳಲ್ಲಿ ಇದನ್ನು ಬಿಟ್ಟರೆ ಬೇರೆ ದೋಣಿಯೇ ಇಲ್ಲ ಎಂಬುದೂ ಅವನ ಮಾತು. ಐನೂರು ವರ್ಷ ಕಳೆದ ಮೇಲೂ ಆ ವರ್ಣನೆಯಲ್ಲಿ ತಿದ್ದಬೇಕಾದ್ದು ಹೆಚ್ಚಿಲ್ಲ. ಚರ್ಮದ ಜಾಗಕ್ಕೆ ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆ ಬಂದಿದೆ, ಅಷ್ಟೇ.

ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಎನಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ಕೂಡ ದಕ್ಷಿಣದ ದಂಡಯಾತ್ರೆಗಳಲ್ಲಿ ಸೈನ್ಯವನ್ನು ಹೊಳೆ ದಾಟಿಸಲು ಬುಟ್ಟಿದೋಣಿಗಳನ್ನು ಮಾಡಿಸಿದ್ದ. ಲೋಕದ ನಾನಾ ಕಡೆಯ ದೋಣಿಗಳನ್ನು ಅಭ್ಯಾಸ ಮಾಡಿದ ಜೇಮ್ಸ್ ಹಾರ್ನೆಲ್ ಎಂಬ ವಿದ್ವಾಂಸ 1933ರಲ್ಲಿ ದಕ್ಷಿಣ ಭಾರತದ ಹರಿಗೋಲುಗಳ ಮೇಲೆ ಲೇಖನವನ್ನೇ ಪ್ರಕಟಿಸಿದ.

ಹರಿಗೋಲು ದುಂಡಗಿರುವುದೇಕೆ? ತುಂಗಭದ್ರೆ ಬಂಡೆಗಳ ಹೊಳೆ. ಬೇಸಿಗೆಯಲ್ಲಿ ಮೊಣಕಾಲುದ್ದ, ಮಳೆಗಾಲದಲ್ಲಿ ಆಳು ಮುಳುಗುವಷ್ಟು. ಉದ್ದನೆಯ ಮರದ ದೋಣಿಗೆ ತಳದಲ್ಲಿ ಗಟ್ಟಿಯಾದ ದಿಂಡು ಇರುತ್ತದೆ. ಅದು ಬಂಡೆಗೆ ತಾಗಿದರೆ ಹಲಗೆ ಒಡೆಯುತ್ತದೆ. ಸೆಳವಿಗೆ ಅಡ್ಡಲಾದರೆ ದೋಣಿ ಮಗುಚುತ್ತದೆ. ಹರಿಗೋಲಿಗೆ ಹಿಂದು ಮುಂದು ಎಂಬುದೇ ಇಲ್ಲ, ಆದ್ದರಿಂದ ಅಡ್ಡವಾಗುವ ಪ್ರಶ್ನೆಯೂ ಇಲ್ಲ. ಬಂಡೆಗೆ ತಾಗಿದರೆ ಬಿದಿರಿನ ಹೆಣಿಗೆ ಕೊಂಚ ಬಾಗಿ, ಸುತ್ತು ತಿರುಗಿ, ಪಕ್ಕಕ್ಕೆ ಜಾರುತ್ತದೆ. ಒಂದು ಗೇಣು ನೀರಿದ್ದರೂ ಬರಿದಾದ ಹರಿಗೋಲು ತೇಲುತ್ತದೆ. ದಡ ಮುಟ್ಟಿದ ಮೇಲೆ ಅಂಬಿಗ ಅದನ್ನು ಬೋರಲು ಹಾಕಿ ತಲೆಯ ಮೇಲೆ ಹೊತ್ತು ನಡೆಯಬಲ್ಲ.

ಈ ಹೊತ್ತು ನಡೆಯುವುದರಲ್ಲೂ ಒಂದು ಲೆಕ್ಕ ಉಂಟು. ಸೆಳವು ದೋಣಿಯನ್ನು ಕೆಳಕ್ಕೆ ಒಯ್ಯುವುದು ಖಂಡಿತ. ಎದುರು ದಡದ ನಿಗದಿತ ಜಾಗಕ್ಕೆ ಮುಟ್ಟಬೇಕಾದರೆ ಈ ದಡದಲ್ಲಿ ಎಷ್ಟು ಮೇಲಿನಿಂದ ಹೊರಡಬೇಕು ಎಂಬುದನ್ನು ಅಂಬಿಗ ನೀರಿನ ಬಣ್ಣ ಮತ್ತು ನೊರೆ ನೋಡಿ ನಿರ್ಧರಿಸುತ್ತಾನೆ. ನೀರಿನ ಎದುರು ಗುದ್ದಾಡುವುದಿಲ್ಲ; ನೀರಿನ ಬಲವನ್ನೇ ಬಳಸಿಕೊಂಡು ಓರೆಯಾಗಿ ದಾಟುತ್ತಾನೆ. ಹುಟ್ಟಿನಿಂದ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತ ದುಂಡನೆಯ ದೋಣಿಗೆ ಮುಂದಿನ ದಿಕ್ಕು ತೋರಿಸುತ್ತಾನೆ. ಹೊಸಬ ಹುಟ್ಟು ಹಿಡಿದರೆ ಹರಿಗೋಲು ಇದ್ದಲ್ಲೇ ಗಿರಗಿರನೆ ತಿರುಗುತ್ತದೆ. ಹನ್ನೆರಡನೆಯ ಶತಮಾನದ ವಚನಕಾರ ಚೌಡಯ್ಯ ತನ್ನ ಕಾಯಕದ ಹೆಸರನ್ನೇ ಅಂಕಿತಕ್ಕೆ ಸೇರಿಸಿಕೊಂಡು ಅಂಬಿಗರ ಚೌಡಯ್ಯನಾದದ್ದನ್ನು ಇಲ್ಲಿ ನೆನೆಯಬಹುದು. ಹೊಳೆ ದಾಟಿಸುವುದು ಕೀಳು ಕೆಲಸವಲ್ಲ, ಅದೊಂದು ವಿದ್ಯೆ ಎಂಬ ಅಭಿಮಾನ ಅದರಲ್ಲಿದೆ.

ಇನ್ನು ಇನುಯಿಟ್ ಜನರ ದೋಣಿ. ಅವರ ನಾಡಿನಲ್ಲಿ ಬಿದಿರು ಹೋಗಲಿ, ಮರವೇ ಬೆಳೆಯುವುದಿಲ್ಲ. ದೂರದ ನದಿಗಳಿಂದ ಕೊಚ್ಚಿಕೊಂಡು ಬಂದು ದಡಕ್ಕೆ ಬಿದ್ದ ಕಟ್ಟಿಗೆ, ತಿಮಿಂಗಿಲದ ಎಲುಬು, ಇವೇ ಚೌಕಟ್ಟಿನ ಸಾಮಗ್ರಿ. ಹೊದಿಕೆ ಸೀಲ್ ಅಥವಾ ವಾಲ್ರಸ್ ಎಂಬ ಕಡಲಪ್ರಾಣಿಯ ಚರ್ಮ. ಒಬ್ಬನೇ ಕುಳಿತು ಬೇಟೆಗೆ ಹೋಗುವ ಕಿರುದೋಣಿ ಕಯಾಕ್. ಸಂಸಾರ, ನಾಯಿ, ಸಾಮಾನು ಎಲ್ಲವನ್ನೂ ತುಂಬುವ ದೊಡ್ಡ ದೋಣಿ ಉಮಿಯಾಕ್. ಚರ್ಮ ಹೊಲಿಯುವ ಕೆಲಸ ಹೆಂಗಸರದು. ಸೂಜಿ ಚರ್ಮದ ಆಚೆಗೆ ತೂರದಂತೆ, ಅರ್ಧ ದಪ್ಪದಲ್ಲೇ ಹಾಯಿಸಿ ಹೊಲಿದರೆ ನೀರು ಜಿನುಗುವುದಿಲ್ಲ. ಚೌಕಟ್ಟಿಗೆ ಮೊಳೆ ಹೊಡೆಯದೆ ಚರ್ಮದ ದಾರದಿಂದ ಬಿಗಿಯುತ್ತಾರೆ. ಹಿಮಗಡ್ಡೆಗೆ ತಾಗಿದಾಗ ದೋಣಿ ಒಡೆಯದೆ ಬಾಗುತ್ತದೆ. ಹಿಮ ಮುಚ್ಚಿಕೊಂಡು ದಾರಿ ಕಟ್ಟಿದರೆ ಕೆಲವರು ಸೇರಿ ದೋಣಿಯನ್ನೇ ಎತ್ತಿ ಹಿಮದ ಮೇಲಿಟ್ಟು ಎಳೆದುಕೊಂಡು ಹೋಗಬಹುದು. ಹರಿಗೋಲಿನ ಗುಣಗಳೇ ಇಲ್ಲಿಯೂ ಇವೆ: ಹಗುರ, ಬಾಗುವ ಮೈ, ಅಲ್ಲಲ್ಲೇ ಸಿಗುವ ಸಾಮಗ್ರಿ, ಹೊತ್ತು ಸಾಗಿಸುವ ಅನುಕೂಲ.

ಚರ್ಮದ ದೋಣಿ ನಿಜವಾಗಿಯೂ ಹಿಮವನ್ನು ತಾಳಬಲ್ಲದೆ ಎಂದು ಸಂದೇಹಪಟ್ಟವರೂ ಇದ್ದರು. ಅದಕ್ಕೆ ಪರೀಕ್ಷೆಯೂ ನಡೆಯಿತು. ಟಿಮ್ ಸೆವೆರಿನ್ ಎಂಬಾತ ಹಳೆಯ ಐರಿಷ್ ಸನ್ಯಾಸಿಗಳ ರೀತಿಯಲ್ಲಿ ಎತ್ತಿನ ಚರ್ಮದ ದೋಣಿಯೊಂದನ್ನು ಕಟ್ಟಿಸಿ, 1976ರಲ್ಲಿ ಐರ್ಲೆಂಡಿನಿಂದ ಹೊರಟು, ಐಸ್‌ಲ್ಯಾಂಡಿನಲ್ಲಿ ಚಳಿಗಾಲಕ್ಕೆ ನಿಂತು, 1977ರ ಜೂನ್‌ನಲ್ಲಿ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಮುಟ್ಟಿದ. ದಾರಿಯಲ್ಲಿ ಹಿಮದ ನಡುವೆ ಸಿಕ್ಕಿ ದೋಣಿಗೆ ತೂತು ಬಿತ್ತು. ಮರದ್ದೋ ಕಬ್ಬಿಣದ್ದೋ ಆಗಿದ್ದರೆ ನಡುಸಮುದ್ರದಲ್ಲಿ ರಿಪೇರಿ ಕಷ್ಟವಿತ್ತು. ಇವರು ಹೆಪ್ಪುಗಟ್ಟಿಸುವ ನೀರಿಗೆ ಕೈ ಇಳಿಬಿಟ್ಟು ಚರ್ಮದ ತೇಪೆ ಹಾಕಿ ಹೊಲಿದರು, ಪ್ರಯಾಣ ಮುಂದುವರಿಸಿದರು.

ದೋಣಿ ಒಳ್ಳೆಯದಾದರೆ ಸಾಲದು, ನೀರನ್ನು ಬಲ್ಲವರ ಮಾತು ಕೇಳಬೇಕು ಎಂಬುದಕ್ಕೆ ಹಿಮಸಾಗರದ ಇತಿಹಾಸದಲ್ಲಿ ಎರಡು ಪ್ರಯಾಣಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಯೂರೋಪಿನಿಂದ ಕೆನಡಾದ ಉತ್ತರದ ದ್ವೀಪಗಳ ನಡುವೆ ನುಸುಳಿ ಏಷ್ಯಾಕ್ಕೆ ಹೋಗುವ ದಾರಿಗೆ ವಾಯವ್ಯ ಮಾರ್ಗ ಎಂದು ಹೆಸರು. ಅದನ್ನು ಹುಡುಕಲು 1845ರಲ್ಲಿ ಬ್ರಿಟಿಷ್ ನೌಕಾಪಡೆ ಸರ್ ಜಾನ್ ಫ್ರಾಂಕ್ಲಿನ್‌ನ ಮುಂದಾಳುತನದಲ್ಲಿ ಎರಡು ಹಡಗು ಕಳಿಸಿತು. ಎರೆಬಸ್ ಮತ್ತು ಟೆರರ್ ಎಂಬ ಆ ಹಡಗುಗಳಲ್ಲಿ ಉಗಿಯಂತ್ರವಿತ್ತು, ವರ್ಷಗಟ್ಟಲೆ ಸಾಕಾಗುವ ಡಬ್ಬಿಯ ಆಹಾರವಿತ್ತು, ಸಾವಿರಾರು ಪುಸ್ತಕಗಳಿದ್ದವು. 1846ರಲ್ಲಿ ಹಡಗುಗಳು ಹಿಮದಲ್ಲಿ ಸಿಕ್ಕಿಬಿದ್ದವು. ಎರಡು ವರ್ಷವಾದರೂ ಹಿಮ ಬಿಡಲಿಲ್ಲ. 129 ಜನರಲ್ಲಿ ಒಬ್ಬನೂ ಮರಳಲಿಲ್ಲ. ಅವರು ಸತ್ತದ್ದು ನಿರ್ಜನ ಪ್ರದೇಶದಲ್ಲಲ್ಲ. ಇನುಯಿಟ್ ಜನ ತಲೆಮಾರುಗಳಿಂದ ಬದುಕಿಕೊಂಡು ಬಂದಿದ್ದ ಸೀಮೆಯಲ್ಲೇ.

ಐವತ್ತೆಂಟು ವರ್ಷಗಳ ನಂತರ, 1903ರಲ್ಲಿ, ನಾರ್ವೆಯ ರೋಲ್ಡ್ ಅಮುಂಡ್‌ಸೆನ್ ಅದೇ ದಾರಿಗೆ ಹೊರಟ. ಅವನದು ಯೋವಾ ಎಂಬ 47 ಟನ್ನಿನ ಹಳೆಯ ಮೀನು ಹಿಡಿಯುವ ದೋಣಿ. ಅವನೂ ಸೇರಿ ಏಳೇ ಜನ. ಫ್ರಾಂಕ್ಲಿನ್‌ನ ಹಡಗುಗಳು ಸಿಕ್ಕಿಬಿದ್ದ ದ್ವೀಪದಲ್ಲೇ ಅವನು ಎರಡು ಚಳಿಗಾಲ ತಂಗಿದ. ಅಲ್ಲಿನ ನೆಟ್ಸಿಲಿಕ್ ಇನುಯಿಟ್ ಜನರ ಬಳಿ ತೊಗಲ ಬಟ್ಟೆ ಹಾಕುವುದನ್ನೂ ನಾಯಿಗಳಿಂದ ಜಾರುಬಂಡಿ ಎಳೆಸುವುದನ್ನೂ ಕಲಿತ. ಮುಂದಿನ ದಾರಿಯಲ್ಲಿ ಕೆಲವೆಡೆ ದೋಣಿಯ ತಳಕ್ಕೂ ಸಮುದ್ರದ ನೆಲಕ್ಕೂ ಕೂದಲೆಳೆಯ ಅಂತರವಿತ್ತು. ದೊಡ್ಡ ಹಡಗಾಗಿದ್ದರೆ ಅಲ್ಲಿಯೇ ಕೂತುಬಿಡುತ್ತಿತ್ತು. ಯೋವಾ ದಾಟಿತು. 1906ರಲ್ಲಿ ಅಲಾಸ್ಕಾದ ನೋಮ್ ಊರನ್ನು ಮುಟ್ಟಿ, ಸಮುದ್ರದ ಮೂಲಕ ವಾಯವ್ಯ ಮಾರ್ಗವನ್ನು ಪೂರ್ತಿ ದಾಟಿದ ಮೊದಲ ದೋಣಿ ಎನಿಸಿತು.

ಫ್ರಾಂಕ್ಲಿನ್‌ನ ಮುಳುಗಿದ ಹಡಗುಗಳು ಸಿಕ್ಕಿದ್ದೂ 2014 ಮತ್ತು 2016ರಲ್ಲಿ. ಎಲ್ಲಿ ಹುಡುಕಬೇಕೆಂಬ ಸುಳಿವು ನೀಡಿದ್ದರಲ್ಲಿ ಇನುಯಿಟ್ ಜನರ ಬಾಯಿಂದ ಬಾಯಿಗೆ ಬಂದ ಮಾತುಗಳ ಪಾಲು ದೊಡ್ಡದು. ನೂರೈವತ್ತು ವರ್ಷ ಆ ಮಾತುಗಳನ್ನು ಕಟ್ಟುಕಥೆಯೆಂದು ತಳ್ಳಿಹಾಕಿದವರು ಬಹಳ.

ಪ್ರವಾಸಿಗರ ಕಾಲ ಬಂದದ್ದು ಆಮೇಲೆ. 1984ರಲ್ಲಿ ಲಿಂಡ್‌ಬ್ಲಾಡ್ ಎಕ್ಸ್‌ಪ್ಲೋರರ್ ಎಂಬ ಸಣ್ಣ ಕೆಂಪು ಹಡಗು ಪ್ರಯಾಣಿಕರನ್ನು ಹೊತ್ತು ವಾಯವ್ಯ ಮಾರ್ಗ ದಾಟಿತು. ಪ್ರವಾಸಿ ಹಡಗೊಂದು ಹಾಗೆ ದಾಟಿದ್ದು ಅದೇ ಮೊದಲು. ಆ ಹಡಗೇ 2007ರ ನವೆಂಬರ್‌ನಲ್ಲಿ ದಕ್ಷಿಣಧ್ರುವದ ಕಡೆ ಹಿಮಕ್ಕೆ ತಾಗಿ ಮುಳುಗಿತು. ಅದರಲ್ಲಿದ್ದ 154 ಜನರೂ ಜೀವರಕ್ಷಕ ದೋಣಿಗಳಲ್ಲೂ ರಬ್ಬರ್ ದೋಣಿಗಳಲ್ಲೂ ಗಂಟೆಗಟ್ಟಲೆ ಕಾದು, ಇನ್ನೊಂದು ಹಡಗು ಬಂದಾಗ ಬದುಕಿಕೊಂಡರು. 2010ರ ಆಗಸ್ಟ್‌ನಲ್ಲಿ ಕ್ಲಿಪ್ಪರ್ ಅಡ್ವೆಂಚರರ್ ಎಂಬ ಹಡಗು ಕೆನಡಾದ ಉತ್ತರದಲ್ಲಿ ನೀರೊಳಗಿನ ಬಂಡೆಯ ಮೇಲೆ ಕೂತಿತು. ಆ ಬಂಡೆಯ ಬಗ್ಗೆ ಸರ್ಕಾರ 2007ರಲ್ಲೇ ಎಚ್ಚರಿಕೆ ಹೊರಡಿಸಿತ್ತು; ಹಡಗಿನವರು ಅದನ್ನು ನೋಡಿಕೊಂಡಿರಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಓಷನ್ ಎಕ್ಸ್‌ಪ್ಲೋರರ್ ಗ್ರೀನ್‌ಲ್ಯಾಂಡಿನ ನಿರ್ಜನ ಕೊಲ್ಲಿಯಲ್ಲಿ 206 ಜನರೊಂದಿಗೆ ಹೂತುಕೊಂಡಿತು; ಸಹಾಯಕ್ಕೆ ಹೊರಟ ನೌಕಾಪಡೆಯ ಹಡಗು ಸಾವಿರಕ್ಕೂ ಹೆಚ್ಚು ನಾಟಿಕಲ್ ಮೈಲಿ ದೂರದಲ್ಲಿತ್ತು. ಮೂರು ದಿನಗಳ ನಂತರ ಮೀನು ಸಂಶೋಧನಾ ಹಡಗೊಂದು ಅದನ್ನು ಎಳೆದು ಬಿಡಿಸಿತು.

ಹೀಗಾಗಿಯೇ ಕಟ್ಟುಪಾಡುಗಳು ಬಿಗಿಯಾಗುತ್ತಿವೆ. ಧ್ರುವಪ್ರದೇಶದ ಹಡಗುಗಳಿಗೆ 2017ರಿಂದ ಪ್ರತ್ಯೇಕ ಅಂತರರಾಷ್ಟ್ರೀಯ ನಿಯಮಾವಳಿ ಇದೆ. ಸ್ವಾಲ್ಬಾರ್ಡಿನ ರಕ್ಷಿತ ಪ್ರದೇಶಗಳಲ್ಲಿ 2025ರಿಂದ 200ಕ್ಕಿಂತ ಹೆಚ್ಚು ಪ್ರಯಾಣಿಕರ ಹಡಗಿಗೆ ಪ್ರವೇಶವಿಲ್ಲ.

ಆದರೆ ನಿಯಮಕ್ಕಿಂತ ವೇಗವಾಗಿ ನೀರೇ ಬದಲಾಗುತ್ತಿದೆ. 1979ರಿಂದ ಈಚೆಗೆ ಆರ್ಕ್ಟಿಕ್ ಪ್ರದೇಶ ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ ಎಂದು 2022ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ಹಿಮ ಕಡಿಮೆಯಾದದ್ದರಿಂದ ಹಡಗುಗಳಿಗೆ ಹೊಸ ದಾರಿ ತೆರೆಯಿತು, ನಿಜ. ಇನುಯಿಟ್ ಬೇಟೆಗಾರನಿಗೆ ಮಾತ್ರ ಅದರಿಂದ ಸಂಕಟ. ಯಾವ ತಿಂಗಳಲ್ಲಿ ಯಾವ ಕೊಲ್ಲಿಯ ಹಿಮ ಎಷ್ಟು ಭಾರ ತಾಳುತ್ತದೆ ಎಂದು ಅವನ ಅಜ್ಜ ಹೇಳಿಕೊಟ್ಟ ಲೆಕ್ಕ ತಪ್ಪತೊಡಗಿದೆ.

ಇದೇ ಅನುಭವ ತುಂಗಭದ್ರೆಯ ಅಂಬಿಗನಿಗೆ ಎಪ್ಪತ್ತು ವರ್ಷಗಳ ಹಿಂದೆಯೇ ಆಗಿದೆ. 1953ರಲ್ಲಿ ಹೊಸಪೇಟೆಯ ಬಳಿ ಅಣೆಕಟ್ಟಿನಲ್ಲಿ ನೀರು ನಿಂತಿತು. ಸಿರುಗುಪ್ಪದ ಗದ್ದೆಗಳು ಭತ್ತದ ಕಣಜವಾದವು. ಅದರ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಹೊಳೆಯ ಏರಿಳಿತ ಅಂದಿನಿಂದ ಮಳೆಯ ಕೈಯಲ್ಲಿ ಮಾತ್ರ ಉಳಿಯಲಿಲ್ಲ. ಮಲೆನಾಡಿನ ಮಳೆಯ ಸುದ್ದಿ ಕೇಳಿ, ನೀರಿನ ಕೆಂಪು ನೋಡಿ ಪ್ರವಾಹದ ದಿನ ಹೇಳುತ್ತಿದ್ದ ಅಂಬಿಗ ಈಗ ಎಷ್ಟು ಕ್ಯೂಸೆಕ್ಸ್ ಬಿಟ್ಟಿದ್ದಾರೆಂದು ಫೋನಿನಲ್ಲಿ ಕೇಳಿಕೊಳ್ಳಬೇಕು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋದಾಗ ಕೆಳಗಿನ ಊರುಗಳ ಜನ ತಾತ್ಕಾಲಿಕ ಗೇಟು ಕೂರಿಸುವವರೆಗೆ ವಾರದಷ್ಟು ಕಾಲ ಹೊಳೆಯತ್ತಲೇ ಕಣ್ಣಿಟ್ಟು ಕಾದರು. ಅಂಥ ನೀರಿನ ಲೆಕ್ಕವನ್ನು ಯಾವ ಅಜ್ಜನೂ ಹೇಳಿಕೊಟ್ಟಿರಲಿಲ್ಲ.

ಸೇತುವೆಗಳು ಬಂದ ಮೇಲೆ ಹರಿಗೋಲು ಯಾರಿಗೆ ಬೇಕು ಎಂದು ಕೇಳಬಹುದು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆಯೇ ಇದೆ. ಆದರೆ ದಾಟುವುದು ಮುಗಿದಿದೆಯೆ? ಕಂಪ್ಲಿಯಿಂದ ಗಂಗಾವತಿಗೆ ಹೋಗುವ ಸೇತುವೆ ದೊಡ್ಡ ಪ್ರಮಾಣದಲ್ಲಿ ನೀರು ಬಿಟ್ಟಾಗಲೆಲ್ಲ ಮುಳುಗಿ ಸಂಚಾರ ನಿಲ್ಲುವುದು ಮಳೆಗಾಲದ ಮಾಮೂಲು ಸುದ್ದಿ. ಆನೆಗೊಂದಿಗೆ ಕಟ್ಟುತ್ತಿದ್ದ ಸೇತುವೆ ವರ್ಷಗಟ್ಟಲೆ ಕುಂಟುತ್ತ ಸಾಗಿ, ಮುಗಿಯುವ ಮೊದಲೇ 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರ ಪ್ರಾಣ ತೆಗೆಯಿತು. ಅದೇ ವರ್ಷದ ಅಕ್ಟೋಬರ್ ನೆರೆಯಲ್ಲಿ ಸಿರುಗುಪ್ಪ ತಾಲ್ಲೂಕಿನ ಹೊಳೆದಂಡೆಯ ಹಳ್ಳಿಗಳು ತತ್ತರಿಸಿದವು. 2019ರ ಆಗಸ್ಟ್‌ನಲ್ಲಿ ವಿರೂಪಾಪುರಗಡ್ಡೆಯಲ್ಲಿ ಪ್ರವಾಸಿಗರು ನೀರಿನ ನಡುವೆ ಸಿಕ್ಕಿಕೊಂಡಾಗ ಹೋದ ಯಂತ್ರದ ರಕ್ಷಣಾ ದೋಣಿಯೊಂದು ಸೆಳವಿಗೆ ಮಗುಚಿ, ರಕ್ಷಿಸಲು ಹೋದವರನ್ನೇ ರಕ್ಷಿಸಬೇಕಾಯಿತು. ಅವರ ಧೈರ್ಯಕ್ಕೆ ಕೊರತೆಯಿರಲಿಲ್ಲ. ಆ ಹೊಳೆಯ ಯಾವ ಬಂಡೆಯ ಹಿಂದೆ ಯಾವ ಸುಳಿ ಇದೆ ಎಂಬುದು ದಂಡೆಯಲ್ಲಿ ಹುಟ್ಟಿ ಬೆಳೆದವನಿಗೆ ಗೊತ್ತಿರುವಂತೆ ಹೊರಗಿನಿಂದ ಬಂದವರಿಗೆ ಗೊತ್ತಿರುವುದು ಕಷ್ಟ.

ಇಂದು ಹರಿಗೋಲು ಹೆಚ್ಚಾಗಿ ಕಾಣುವುದು ಹಂಪಿ, ಸಣಾಪುರಗಳಲ್ಲಿ, ಪ್ರವಾಸಿಗರನ್ನು ಕೂರಿಸಿಕೊಂಡು ಗಿರಗಿರನೆ ತಿರುಗಿಸುವ ಆಟಕ್ಕೆ. ಹೊಟ್ಟೆಪಾಡಿನ ದೃಷ್ಟಿಯಿಂದ ಅದು ತಪ್ಪಲ್ಲ. ಆದರೆ ತಿರುಗಿಸುವುದಷ್ಟೇ ಉಳಿದು ದಾಟಿಸುವುದು ಮರೆತರೆ ವಿದ್ಯೆಯ ಅರ್ಧ ಹೋದಂತೆ.

ಈ ವಿಷಯದಲ್ಲಿ ಹಿಮಸಾಗರದವರು ಒಂದು ಒಳ್ಳೆಯ ಕೆಲಸ ಮಾಡಿದ್ದಾರೆ. ಕೆನಡಾದ ನುನಾವುಟ್ ಸೀಮೆಯಲ್ಲಿ ಇನುಯಿಟ್ ಹೆರಿಟೇಜ್ ಟ್ರಸ್ಟ್ ಎಂಬ ಸಂಸ್ಥೆ ಹಿರಿಯರನ್ನು ಕೇಳಿ ಕೇಳಿ ಕೊಲ್ಲಿ, ಬಂಡೆ, ದ್ವೀಪಗಳ ಹಳೆಯ ಹೆಸರುಗಳನ್ನು ಸಂಗ್ರಹಿಸಿ ಭೂಪಟಕ್ಕೆ ಏರಿಸಿದೆ. ಇಂಥ ಹೆಸರುಗಳು ಬರೀ ಹೆಸರುಗಳಲ್ಲ. ಜಾಗದ ಆಕಾರ, ಅಲ್ಲಿ ಸಿಗುವ ಬೇಟೆ, ಅಲ್ಲಿರುವ ಅಪಾಯ ಎಷ್ಟೋ ಸಲ ಹೆಸರಿನಲ್ಲೇ ಇರುತ್ತದೆ.

ಸಿರುಗುಪ್ಪದ ಬಳಿ ಹೊಳೆ ಕವಲೊಡೆದು ದೇಶನೂರಿನ ನಡುಗಡ್ಡೆಯನ್ನು ಬಳಸಿ ಹರಿಯುತ್ತದೆ. ಅದೇ ತಾಲ್ಲೂಕಿನಲ್ಲಿ ಹಗರಿ ಬಂದು ತುಂಗಭದ್ರೆಯನ್ನು ಕೂಡುತ್ತದೆ. ಅಶೋಕನ ಶಾಸನವಿರುವ ನಿಟ್ಟೂರು ಇದೇ ಹೊಳೆಯ ಸಮೀಪದಲ್ಲಿದೆ. ಎರಡು ಸಾವಿರ ವರ್ಷಕ್ಕೂ ಮೇಲ್ಪಟ್ಟು ಜನ ಈ ನೀರಿನ ಪಕ್ಕದಲ್ಲಿ ಬದುಕಿದ್ದಾರೆ, ಇದನ್ನು ದಾಟಿದ್ದಾರೆ. ಮಡುಗಳಿಗೆ, ಬಂಡೆಗಳಿಗೆ, ಸುಳಿಗಳಿಗೆ ಇಲ್ಲಿಯೂ ಹೆಸರುಗಳಿವೆ. ಯಾವ ಬಂಡೆ ಮುಳುಗಿದರೆ ಹೊಳೆಗೆ ಇಳಿಯಬಾರದು, ಯಾವ ಗಿಡದ ಬುಡಕ್ಕೆ ನೀರು ಮುಟ್ಟಿದರೆ ಊರು ಬಿಡಬೇಕು ಎಂಬ ಗುರುತುಗಳಿವೆ. ಅವು ಇರುವುದು ವಯಸ್ಸಾದ ಕೆಲವು ಅಂಬಿಗರ ನೆನಪಿನಲ್ಲಿ ಮಾತ್ರ.

ಶಾಲೆಯ ಮೇಷ್ಟ್ರುಗಳು, ಕಾಲೇಜಿನ ಹುಡುಗರು ಒಂದು ನೋಟ್‌ಬುಕ್ ಹಿಡಿದು ಹೊಳೆದಂಡೆಗೆ ಹೋದರೆ ಈ ಕೆಲಸ ಆಗುತ್ತದೆ. ಇದಕ್ಕೆ ಹಡಗು ಬೇಡ, ಲಕ್ಷಗಟ್ಟಲೆ ರೂಪಾಯಿ ಬೇಡ. ಬಳ್ಳಾರಿಯಿಂದ ಒಂದು ಬಸ್ ಟಿಕೆಟ್ ಸಾಕು. ಮುಂದಿನ ಸಲ ಹೊಳೆ ಉಕ್ಕಿ ಸೇತುವೆ ಮುಳುಗಿದ ರಾತ್ರಿ, ಆ ನೋಟ್‌ಬುಕ್ಕಿನ ಒಂದು ಪುಟ ಯಾರದೋ ಜೀವ ಉಳಿಸಲೂಬಹುದು.